ಸೂಜಿ ಹಿಡಿದ ಕೈಗಳ ಇತಿಹಾಸ

ನೂರು ವರ್ಷಗಳೆಂಬುದು ಒಂದು ಧರ್ಮಕೇಂದ್ರದ ಬಾಳಿನಲ್ಲಿ ಅಲ್ಪಾವಧಿಯೇನೂ ಅಲ್ಲ. ಇಂತಹ ಶುಭಸಂದರ್ಭದಲ್ಲಿ ಹೊರಬರುವ ಸ್ಮರಣ ಸಂಚಿಕೆಯಲ್ಲಿ ದೇವಾಲಯಕ್ಕೆ ಅಡಿಗಲ್ಲನ್ನಿಟ್ಟವರ, ಗೋಪುರವನ್ನು ಕಟ್ಟಿಸಿದವರ, ಗಂಟೆಯನ್ನು ದಾನವಿತ್ತವರ ಹೆಸರುಗಳು ಅಚ್ಚಾಗುವುದು ಯುಕ್ತವೇ ಸರಿ. ಆದರೆ ಬಲಿಪೀಠದ ಮೇಲೆ ಹಾಸಿದ ಬಿಳಿಯ ವಸ್ತ್ರದ ಅಂಚನ್ನು ಮಡಿಚಿ ಹೊಲಿದವರಾರು? ಪ್ರಥಮ ಪರಮಪ್ರಸಾದ ಸ್ವೀಕರಿಸಿದ ಬಡ ಬಾಲಿಕೆಯ ಬಿಳಿಯ ಲಂಗವನ್ನು ರಾತ್ರಿ ದೀಪದ ಬೆಳಕಿನಲ್ಲಿ ಹೊಲಿದು ಮುಗಿಸಿದವರಾರು? ಗುರುಗಳ ಪೂಜಾವಸ್ತ್ರ ಹರಿದಾಗ ಅದಕ್ಕೆ ತೇಪೆ ಕಾಣದಂತೆ ತೇಪೆ ಹಾಕಿದವರಾರು? ಇವರ ಹೆಸರುಗಳು ಯಾವ ಕಲ್ಲಿನ ಮೇಲೂ ಕೆತ್ತಲ್ಪಟ್ಟಿಲ್ಲ. ಕಲ್ಲು ಉಳಿಯುತ್ತದೆ, ಬಟ್ಟೆ ಸವೆಯುತ್ತದೆ. ಸವೆದ ಬಟ್ಟೆಯೊಡನೆ ಅದನ್ನು ಹೊಲಿದವರ ನೆನಪೂ ಸವೆದುಹೋಗುವುದು ಲೋಕದ ರೀತಿಯಾಗಿದೆ.

ಶತಮಾನೋತ್ಸವದ ಸಂದರ್ಭದಲ್ಲಿ ಧರ್ಮಕೇಂದ್ರಗಳ ಮಹಿಳೆಯರೂ ತರುಣಿಯರೂ ಕೂಡಿ ಒಂದು ಹವ್ಯಾಸ ಬಳಗವನ್ನು ಕಟ್ಟಿಕೊಂಡು, ಏನೂ ಅರಿಯದವರಿಗೆ ಹೊಲಿಗೆ ಮತ್ತು ಕೈಕೆಲಸವನ್ನು ಮೊದಲ ಪಾಠದಿಂದ ಕಲಿಸುವ ತರಗತಿಗಳನ್ನು ನಡೆಸಬೇಕೆಂಬ ಸಲಹೆ ನಮ್ಮಲ್ಲಿ ಆಗಾಗ್ಗೆ ಕೇಳಿಬರುತ್ತದೆ. ಸಿದ್ಧ ಉಡುಪು ಅಂಗಡಿ ಅಂಗಡಿಗಳಲ್ಲಿ ದೊರೆಯುವ ಈ ಕಾಲದಲ್ಲಿ ಹೊಲಿಗೆ ಕಲಿತು ಆಗಬೇಕಾದುದೇನು ಎಂದು ಕೇಳುವವರೂ ಇದ್ದಾರೆ. ಈ ಪ್ರಶ್ನೆಯನ್ನು ನಾವು ಹಗುರವಾಗಿ ತಳ್ಳಿಹಾಕುವಂತಿಲ್ಲ. ಉತ್ತರ ಕೊಡುವ ಮೊದಲು, ಧರ್ಮಸಭೆಯಲ್ಲಿ ಹೊಲಿಗೆಯ ತರಗತಿ ಎಂಬುದು ಹೇಗೆ ಹುಟ್ಟಿ ಬೆಳೆಯಿತು, ಅದರಿಂದ ಯಾರಿಗೆ ಏನು ದೊರೆಯಿತು ಎಂಬುದನ್ನು ಅರಿಯುವುದು ಒಳ್ಳೆಯದು.

ಆದಿಸಭೆಯಲ್ಲಿ

ಪ್ರೇಷಿತರ ಕಾರ್ಯಕಲಾಪಗಳ ಒಂಬತ್ತನೆಯ ಅಧ್ಯಾಯದಲ್ಲಿ ಯೊಪ್ಪ ಪಟ್ಟಣದ ತಬಿಥಾ ಎಂಬ ಶಿಷ್ಯೆಯ ವೃತ್ತಾಂತವಿದೆ. ಗ್ರೀಕ್ ಭಾಷೆಯಲ್ಲಿ ಆಕೆಗೆ ದೋರ್ಕ ಎಂದು ಹೆಸರು. ಆಕೆ ತೀರಿಕೊಂಡಾಗ ಊರಿನ ವಿಧವೆಯರು ಪೇತ್ರನ ಸುತ್ತಲೂ ನಿಂತು ಅಳುತ್ತಾ, ಆಕೆ ತಮಗಾಗಿ ಹೊಲಿದುಕೊಟ್ಟಿದ್ದ ಅಂಗಿಗಳನ್ನೂ ನಿಲುವಂಗಿಗಳನ್ನೂ ತೋರಿಸಿದರೆಂದು ಅಲ್ಲಿ ಹೇಳಲಾಗಿದೆ. ಆಕೆಯ ಗುಣಗಾನಕ್ಕೆ ಬೇರೆ ಮಾತು ಬೇಕಾಗಲಿಲ್ಲ, ಬಟ್ಟೆಯೇ ಸಾಕ್ಷಿಯಾಯಿತು. ಅದೇ ಗ್ರಂಥದ ಹದಿನೆಂಟನೆಯ ಅಧ್ಯಾಯದಲ್ಲಿ ಸಂತ ಪೌಲನು ಕೊರಿಂಥದಲ್ಲಿ ಅಕ್ವಿಲ ಮತ್ತು ಪ್ರಿಸ್ಸಿಲ್ಲರ ಮನೆಯಲ್ಲಿದ್ದು ಗುಡಾರ ಮಾಡುವ ಕಸುಬಿನಿಂದ ಜೀವಿಸಿದ ಸಂಗತಿ ಬರುತ್ತದೆ. ಒಬ್ಬಳು ಪರರ ಅಗತ್ಯಕ್ಕಾಗಿ ದುಡಿದಳು, ಇನ್ನೊಬ್ಬನು ತನ್ನ ಅನ್ನಕ್ಕಾಗಿ ದುಡಿದನು. ಸೇವೆ ಮತ್ತು ಜೀವನೋಪಾಯ ಎಂಬ ಎರಡು ದಾರಿಗಳೂ ಹೀಗೆ ಆದಿಯಿಂದಲೇ ನಮ್ಮ ಮುಂದಿವೆ. ಈ ಭೇದವನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಕೋರುತ್ತೇವೆ, ಏಕೆಂದರೆ ಮುಂದೆ ಇದರ ಮೇಲೆಯೇ ನಮ್ಮ ಮಾತು ನಿಲ್ಲಲಿದೆ.

ಸೇವೆಯ ದಾರಿಯಲ್ಲಿ ನಡೆದ ಒಂದು ದೊಡ್ಡ ಪ್ರಯತ್ನವನ್ನು ಇಲ್ಲಿ ಹೆಸರಿಸಬೇಕು. 1848ರಲ್ಲಿ ಬೆಲ್ಜಿಯಂ ದೇಶದ ಬ್ರಸೆಲ್ಸ್ ನಗರದಲ್ಲಿ ಆನ್ನಾ ದ ಮೆಯೂಸ್ ಎಂಬ ಮಹಿಳೆ, ನಿತ್ಯಾರಾಧನೆಯೊಂದಿಗೆ ಬಡ ದೇವಾಲಯಗಳಿಗೆ ಪೂಜಾವಸ್ತ್ರಗಳನ್ನು ಒದಗಿಸುವ ಒಂದು ಸಂಘವನ್ನು ಸ್ಥಾಪಿಸಿದರು. ಹಳ್ಳಿಯ ದೇವಾಲಯವೊಂದರ ವಸ್ತ್ರಗಳ ದುಸ್ಥಿತಿಯನ್ನು ಕಂಡು ನೊಂದುದೇ ಅವರ ಈ ಕಾರ್ಯಕ್ಕೆ ಪ್ರೇರಣೆಯಾಯಿತು. ಮಹಿಳೆಯರು ಒಟ್ಟಿಗೆ ಕುಳಿತು ಪ್ರಾರ್ಥಿಸುತ್ತಾ ಹೊಲಿಯುವ ಈ ಪದ್ಧತಿ ಅನೇಕ ದೇಶಗಳಿಗೆ ಹಬ್ಬಿತು.

ಮೊರ್ನೇಸೆಯ ಹೊಲಿಗೆ ಕೋಣೆ

ಆದರೆ ಏನೂ ಅರಿಯದವರಿಗಾಗಿ ಒಂದು ಹಳ್ಳಿಯಲ್ಲಿ ತರಗತಿ ತೆರೆದ ಕಥೆಯನ್ನು ಹೇಳಬೇಕಾದರೆ ನಾವು ಇಟಲಿ ದೇಶಕ್ಕೆ ಹೋಗಬೇಕು. ಅಲ್ಲಿಯ ಪಿಯೆಮಾಂಟ್ ಪ್ರಾಂತ್ಯದಲ್ಲಿ, ದ್ರಾಕ್ಷಿತೋಟಗಳ ಗುಡ್ಡಗಳ ನಡುವೆ ಮೊರ್ನೇಸೆ ಎಂಬ ಊರಿದೆ. ಇಲ್ಲಿ 1837ರ ಮೇ 9ರಂದು ಮರಿಯ ಡೊಮೆನಿಕಾ ಮಜ್ಜರೆಲ್ಲೊ ಎಂಬಾಕೆ ಒಂದು ರೈತ ಕುಟುಂಬದಲ್ಲಿ ಜನಿಸಿದಳು. ತಂದೆಯೊಡನೆ ದ್ರಾಕ್ಷಿತೋಟದಲ್ಲಿ ಆಳುಗಳಿಗೆ ಸರಿಸಮನಾಗಿ ದುಡಿಯುವ ಗಟ್ಟಿಮುಟ್ಟಾದ ಹುಡುಗಿ ಅವಳು. ಊರಿನ ಗುರುಗಳಾದ ದೊಮೆನಿಕೊ ಪೆಸ್ತರೀನೊ ಅವರ ಮಾರ್ಗದರ್ಶನದಲ್ಲಿ ಕನ್ಯಾಮಠ ಸೇರದೆ ಮನೆಯಲ್ಲಿದ್ದೇ ಭಕ್ತಿಯ ಬಾಳನ್ನು ನಡೆಸುತ್ತಿದ್ದ ತರುಣಿಯರ ಬಳಗವೊಂದು 1855ರಲ್ಲಿ ಹುಟ್ಟಿಕೊಂಡಿತ್ತು. ಮರಿಯಳೂ ಆ ಬಳಗದ ಸದಸ್ಯೆಯಾಗಿದ್ದಳು.

1860ರಲ್ಲಿ ಊರಿಗೆ ಟೈಫಸ್ ಜ್ವರ ಬಂದಿತು. ಕಾಯಿಲೆ ಬಿದ್ದ ಬಂಧುಗಳ ಶುಶ್ರೂಷೆಗೆ ಹೋದ ಮರಿಯಳಿಗೂ ಅದು ತಗುಲಿತು. ಜೀವವೇನೋ ಉಳಿಯಿತು, ಆದರೆ ಹಿಂದಿನ ದೇಹಬಲ ಮರಳಿ ಬರಲಿಲ್ಲ. ಗುದ್ದಲಿ ಹಿಡಿಯಲಾರದ ರೈತ ಕನ್ಯೆಗೆ ಮುಂದೇನು? ಇಪ್ಪತ್ತಮೂರು ವರ್ಷದ ತರುಣಿಯ ಎದುರಿಗೆ ಬಂದುನಿಂತ ಪ್ರಶ್ನೆ ಇದು. ಅವಳು ಕಂಡುಕೊಂಡ ಉತ್ತರ ಸೂಜಿ. ಗೆಳತಿ ಪೆತ್ರೊನಿಲ್ಲಾಳಿಗೆ ತನ್ನ ಮನಸ್ಸನ್ನು ತಿಳಿಸಿ, ತಾವಿಬ್ಬರೂ ಹೊಲಿಗೆ ಕಲಿಯೋಣ, ಕಲಿತ ಮೇಲೆ ಊರಿನ ಹುಡುಗಿಯರಿಗೆ ಕಲಿಸೋಣ, ಕಲಿಸುವ ನೆಪದಲ್ಲಿ ಅವರನ್ನು ದೇವರೆಡೆಗೆ ನಡೆಸೋಣ ಎಂಬ ಯೋಜನೆಯನ್ನು ಮುಂದಿಟ್ಟಳು.

ಇಲ್ಲಿ ಒಂದು ಅಂಶ ಗಮನಾರ್ಹವಾದುದು. ಮರಿಯ ಮತ್ತು ಪೆತ್ರೊನಿಲ್ಲಾ ತಮಗೆ ತಿಳಿದಷ್ಟನ್ನೇ ಕಲಿಸಲು ತೊಡಗಲಿಲ್ಲ. ಮೊದಲು ಊರಿನ ದರ್ಜಿಯಾದ ವಲೆಂತೀನೊ ಕಂಪಿ ಎಂಬಾತನ ಬಳಿ ಶಿಷ್ಯೆಯರಾಗಿ ಕುಳಿತರು. ಕಸುಬನ್ನೇ ಬಾಳಾಗಿಸಿಕೊಂಡವನಿಂದ ಕ್ರಮಬದ್ಧವಾಗಿ ಕಲಿತ ಮೇಲೆಯೇ, 1862ರ ಸುಮಾರಿಗೆ, ಹುಡುಗಿಯರಿಗಾಗಿ ಹೊಲಿಗೆ ಕೋಣೆಯನ್ನು ತೆರೆದರು. ಸ್ವಂತ ಕಟ್ಟಡವಿರಲಿಲ್ಲ, ಕೋಣೆ ಒಂದು ಮನೆಯಿಂದ ಮತ್ತೊಂದು ಮನೆಗೆ ಬದಲಾಗುತ್ತಿತ್ತು. ಪ್ರಾರ್ಥನೆಯೊಂದಿಗೆ ಆರಂಭ, ಬಳಿಕ ಕೆಲಸ, ನಡುವೆ ಮೌನ, ನಡುವೆ ಹಾಡು. ಹಾಕುವ ಪ್ರತಿಯೊಂದು ಹೊಲಿಗೆಯೂ ದೇವಪ್ರೀತಿಯ ಕಾರ್ಯವಾಗಬೇಕೆಂಬುದು ಮರಿಯಳ ಪ್ರಸಿದ್ಧ ಬೋಧೆ. ಇದು ಬರಿಯ ಭಾವುಕತೆಯ ಮಾತಲ್ಲ. ದೇವರಿಗೆ ಒಪ್ಪಿಸುವ ಕೆಲಸವನ್ನು ಅಂದಗೆಡಿಸಿ ಒಪ್ಪಿಸುವಂತಿಲ್ಲವೆಂಬ ಕಟ್ಟುನಿಟ್ಟೂ ಅದರಲ್ಲಿ ಅಡಗಿತ್ತು.

ತರಗತಿ ತಾನಾಗಿಯೇ ಬೇರೆ ಅಗತ್ಯಗಳಿಗೆ ಬಾಗಿಲು ತೆರೆಯಿತು. ಹೆಂಡತಿಯನ್ನು ಕಳೆದುಕೊಂಡ ತಿರುಗಾಟದ ವ್ಯಾಪಾರಿಯೊಬ್ಬನು ತನ್ನ ಇಬ್ಬರು ಚಿಕ್ಕ ಹೆಣ್ಣುಮಕ್ಕಳನ್ನು ನೋಡಿಕೊಳ್ಳಬೇಕೆಂದು ಕೇಳಿಕೊಂಡಾಗ, ಹೊಲಿಗೆ ಕಲಿಸುವವರು ತಾಯಂದಿರಾಗಬೇಕಾಯಿತು. ಭಾನುವಾರಗಳಲ್ಲಿ ಹುಡುಗಿಯರಿಗೆ ಆಟ, ಸಂಚಾರ, ಧರ್ಮೋಪದೇಶ ಆರಂಭವಾದವು. 1864ರ ಅಕ್ಟೋಬರಿನಲ್ಲಿ ಸಂತ ಜಾನ್ ಬಾಸ್ಕೊ ತಮ್ಮ ಬಾಲಕರೊಡನೆ ಮೊರ್ನೇಸೆಗೆ ಬಂದಾಗ ಈ ಬಳಗದ ಪರಿಚಯವಾಯಿತು. 1872ರ ಆಗಸ್ಟ್ 5ರಂದು ಹನ್ನೊಂದು ಮಂದಿ ಅಲ್ಲಿ ತಮ್ಮ ಮೊದಲ ವ್ರತಗಳನ್ನು ಸ್ವೀಕರಿಸಿದರು. ಕ್ರೈಸ್ತರ ಸಹಾಯಮಾತೆ ಮರಿಯಮ್ಮನವರ ಪುತ್ರಿಯರ ಸಭೆ, ಎಂದರೆ ಸಲೇಸಿಯನ್ ಭಗಿನಿಯರ ಸಭೆ, ಹೀಗೆ ಒಂದು ಹೊಲಿಗೆ ಕೋಣೆಯಿಂದ ಹುಟ್ಟಿತು.

ಈ ಸಭೆಯ ಆರಂಭ ಹೂವಿನ ಹಾಸಿಗೆಯಾಗಿರಲಿಲ್ಲ. ಗಂಡುಮಕ್ಕಳ ವಿದ್ಯಾಶಾಲೆಯಾಗುವುದೆಂಬ ನಂಬಿಕೆಯಿಂದ ಊರವರು ಕಲ್ಲು ಹೊತ್ತು ಕಟ್ಟಿದ ಕಟ್ಟಡವನ್ನು ಈ ಭಗಿನಿಯರಿಗೆ ಬಿಟ್ಟುಕೊಟ್ಟಾಗ ಮೊರ್ನೇಸೆಯ ಜನರು ಬಹಳವಾಗಿ ಅಸಮಾಧಾನಗೊಂಡರು. ತಮ್ಮದೇ ಊರಿನ ಹೆಣ್ಣುಮಕ್ಕಳಿಗೆ ಅಷ್ಟು ದೊಡ್ಡ ಕಟ್ಟಡವೇಕೆಂಬ ಪ್ರಶ್ನೆಯನ್ನು ಆ ಭಗಿನಿಯರು ಬಡತನದ ನಡುವೆ, ಮೌನವಾಗಿ ಎದುರಿಸಬೇಕಾಯಿತು. ಬಾಲ್ಯದಲ್ಲಿ ಓದಲು ಮಾತ್ರ ಕಲಿತಿದ್ದ ಮರಿಯಳು ಬರೆಯಲು ಕಲಿತದ್ದು ಪ್ರೌಢ ವಯಸ್ಸಿನಲ್ಲಿ, ಸುಮಾರು ಮೂವತ್ತೈದರ ಹೊತ್ತಿಗೆ. ಹೊಲಿಗೆಯಲ್ಲಿ ಇತರರಿಗೆ ಗುರುವಾದವಳು ಅಕ್ಷರದಲ್ಲಿ ಹೊಸದಾಗಿ ಶಿಷ್ಯೆಯಾದಳು. 1877ರಲ್ಲಿ ಭಗಿನಿಯರು ಸಾಗರ ದಾಟಿ ದಕ್ಷಿಣ ಅಮೆರಿಕದ ಉರುಗ್ವೆಗೆ ಹೊರಟರು, 1922ರಲ್ಲಿ ತಂಜಾವೂರಿಗೆ ಬಂದು ಭಾರತದಲ್ಲಿ ನೆಲೆಯೂರಿದರು. 1881ರ ಮೇ 14ರಂದು ನಿಧನಳಾದ ಮರಿಯಳನ್ನು 1951ರ ಜೂನ್ 24ರಂದು ಹನ್ನೆರಡನೆಯ ಭಕ್ತಿನಾಥ ಪಿಯುಸ್ ಜಗದ್ಗುರುಗಳು ಸಂತರ ಶ್ರೇಣಿಗೆ ಸೇರಿಸಿದರು.

ನಮ್ಮ ನಾಡಿನಲ್ಲಿ

ಮೊರ್ನೇಸೆಯಲ್ಲಿ ಈ ಕೋಣೆ ತೆರೆಯುವುದಕ್ಕೂ ಮೊದಲೇ ನಮ್ಮ ನಾಡಿಗೆ ಕನ್ಯಾಸ್ತ್ರೀಯರು ಬಂದಿದ್ದರು. 1854ರಲ್ಲಿ ಗುಡ್ ಶೆಫರ್ಡ್ ಸಭೆಯ ಭಗಿನಿಯರು ಬೆಂಗಳೂರಿಗೆ ಬಂದರು. 1870ರ ನವೆಂಬರಿನಲ್ಲಿ ಅಪೊಸ್ತಲಿಕ್ ಕಾರ್ಮೆಲ್ ಸಭೆಯ ಭಗಿನಿಯರು ಫ್ರಾನ್ಸಿನಿಂದ ಮಂಗಳೂರಿಗೆ ಬಂದು ಸಂತ ಆನ್ನಮ್ಮನವರ ಮಠದಿಂದ ಹೆಣ್ಣುಮಕ್ಕಳ ಶಿಕ್ಷಣವನ್ನು ಕೈಗೊಂಡರು. 1882ರಲ್ಲಿ ತಾರ್ಬ್‌ನ ಸಂತ ಜೋಸೆಫರ ಭಗಿನಿಯರು ಬೆಂಗಳೂರಿಗೆ ಬಂದರು. 1887ರಲ್ಲಿ ಮಂಗಳೂರಿನಲ್ಲಿಯೇ, ಯೇಸು ಸಭೆಯ ಗುರುಗಳಾದ ಉರ್ಬಾನ್ ಸ್ಟೈನ್ ಅವರ ಮೂಲಕ, ಉರ್ಸುಲೈನ್ ಫ್ರಾನ್ಸಿಸ್ಕನ್ ಸಭೆ ಜನ್ಮ ತಾಳಿತು. ಇವರ ಶಾಲೆಗಳಲ್ಲಿ ಓದು, ಬರಹ, ಲೆಕ್ಕದ ಜೊತೆಗೆ ಹೊಲಿಗೆಗೂ ಸ್ಥಾನವಿತ್ತು. ಹೆಣ್ಣುಮಗಳನ್ನು ಶಾಲೆಗೆ ಕಳುಹಿಸಲು ಹಿಂಜರಿಯುತ್ತಿದ್ದ ಮನೆಗಳೂ ಹೊಲಿಗೆ ಕಲಿಯಲೆಂದು ಕಳುಹಿಸಲು ಒಪ್ಪುತ್ತಿದ್ದ ಕಾಲವದು. ಸೂಜಿಯ ಹಿಂದೆ ದಾರ ಬರುವಂತೆ ಹೊಲಿಗೆಯ ಹಿಂದೆ ಅಕ್ಷರವೂ ಮನೆಗಳನ್ನು ಹೊಕ್ಕಿತು.

ಆದರೆ ಹೊಲಿಗೆ ನಮ್ಮ ಜನರಿಗೆ ಹೊರಗಿನಿಂದಲೇ ಬಂದಿತೆಂದು ಭಾವಿಸಿದರೆ ತಪ್ಪಾಗುವುದು. ಧಾರವಾಡ ಸೀಮೆಯ ಕಸೂತಿಯನ್ನೇ ನೋಡಿ. ಗವಂತಿ, ಮುರ್ಗಿ, ನೇಯ್ಗಿ, ಮೆಂತಿ ಎಂಬ ನಾಲ್ಕು ಬಗೆಯ ಹೊಲಿಗೆಗಳಲ್ಲಿ, ಬಟ್ಟೆಯ ಎಳೆಗಳನ್ನು ಎಣಿಸುತ್ತಾ, ಗಂಟು ಹಾಕದೆ, ಗವಂತಿ ಮತ್ತು ಮುರ್ಗಿಗಳಲ್ಲಿ ಒಳಮೈ ಹೊರಮೈ ಎರಡೂ ಒಂದೇ ರೀತಿ ಕಾಣುವಂತೆ ತಾಯಂದಿರು ಗೋಪುರ, ತೇರು, ಆನೆಗಳನ್ನು ಮೂಡಿಸಿದರು. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರದ ಕಡೆಯ ಸಿದ್ದಿ ಜನಾಂಗದ ಮಹಿಳೆಯರು ಹಳೆಯ ಬಟ್ಟೆಯ ತುಂಡುಗಳನ್ನು ಸೇರಿಸಿ ಕೌದಿ ಹೊಲಿಯುತ್ತಾರೆ. ಅಂಚಿನಿಂದ ಆರಂಭಿಸಿ ಸುತ್ತುತ್ತಾ ಸುತ್ತುತ್ತಾ ನಡುವಿಗೆ ಬಂದು ಮುಗಿಸುವುದು ಅವರ ಪದ್ಧತಿ. ಮೂಲೆಗಳಲ್ಲಿ ಹೂವೆಂದು ಕರೆಯುವ ಮಡಿಕೆಗಳನ್ನು ಇಡುತ್ತಾರೆ. ಅವರಲ್ಲಿ ಕಥೋಲಿಕರಾದವರು ಕೆಲವೊಮ್ಮೆ ಕೌದಿಯ ಮೇಲೆ ಶಿಲುಬೆಯ ಆಕಾರವನ್ನೂ ಹೊಲಿಯುವುದುಂಟು. ಈ ವಿದ್ಯೆ ಶಾಲೆಯಲ್ಲಿ ಕಲಿತುದಲ್ಲ. ಅಜ್ಜಿಯ ಮಗ್ಗುಲಲ್ಲಿ ಕುಳಿತು ಕಲಿತುದು. ಎಲ್ಲ ಮನೆಗಳಲ್ಲೂ ಅಂತಹ ಅಜ್ಜಿಯರು ಇಲ್ಲದ ಇಂದಿನ ದಿನಗಳಲ್ಲಿ ಆ ಮಗ್ಗುಲಿನ ಸ್ಥಾನವನ್ನು ತರಗತಿ ತುಂಬಬೇಕಾಗಿದೆ.

ಯಂತ್ರ ಬಂದ ಮೇಲೆ

ಹೊಲಿಗೆಯ ಯಂತ್ರದ ಇತಿಹಾಸವೂ ಸುಖದ ಕಥೆಯಾಗಿ ಆರಂಭವಾಗಲಿಲ್ಲ. 1830ರಲ್ಲಿ ಬಾರ್ತೆಲೆಮಿ ತಿಮೊನಿಯೆ ಎಂಬ ಬಡ ಫ್ರೆಂಚ್ ದರ್ಜಿ ತನ್ನ ಯಂತ್ರಕ್ಕೆ ಹಕ್ಕುಪತ್ರ ಪಡೆದನು. ಪ್ಯಾರಿಸಿನಲ್ಲಿ ಸೈನಿಕರ ಉಡುಪು ಹೊಲಿಯುತ್ತಿದ್ದ ಅವನ ಯಂತ್ರಗಳನ್ನು, ಅನ್ನಕ್ಕೆ ಕಲ್ಲು ಬೀಳುವುದೆಂದು ಹೆದರಿದ ದರ್ಜಿಗಳು 1831ರಲ್ಲಿ ಒಡೆದುಹಾಕಿದರು. ಅವನು 1857ರಲ್ಲಿ ಬಡತನದಲ್ಲಿಯೇ ತೀರಿಕೊಂಡನು. ಅಮೆರಿಕದಲ್ಲಿ 1846ರಲ್ಲಿ ಎಲಿಯಾಸ್ ಹೋವ್, 1851ರಲ್ಲಿ ಐಸಾಕ್ ಸಿಂಗರ್ ತಮ್ಮ ಯಂತ್ರಗಳಿಗೆ ಹಕ್ಕು ಪಡೆದ ನಂತರವೇ ಅದು ಮನೆ ಮನೆಯನ್ನು ಸೇರತೊಡಗಿತು. ಯಂತ್ರಗಳ ಮೋಹವನ್ನು ಖಂಡಿಸುತ್ತಿದ್ದ ಮಹಾತ್ಮ ಗಾಂಧಿಯವರು 1924ರಲ್ಲಿ ಸಿಂಗರ್ ಯಂತ್ರಕ್ಕೆ ಮಾತ್ರ ವಿನಾಯಿತಿ ನೀಡಿದರು. ಮನೆಯ ಹೆಣ್ಣಿನ ಶ್ರಮವನ್ನು ಹಗುರಗೊಳಿಸುವ ಪ್ರೀತಿ ಅದರ ಹಿಂದೆ ಇದೆಯೆಂಬುದು ಅವರ ಭಾವನೆಯಾಗಿತ್ತು. 1930ರ ದಶಕದಲ್ಲಿ ಕಲ್ಕತ್ತೆಯಲ್ಲಿ ಉಷಾ ಯಂತ್ರಗಳು ತಯಾರಾಗತೊಡಗಿದ ಮೇಲೆ ದೇಶೀಯ ಯಂತ್ರವೂ ನಮ್ಮ ಮನೆಗಳಿಗೆ ಬಂದಿತು. ವಿಧವೆಯೊಬ್ಬಳು ಕಾಲಿನಿಂದ ತುಳಿಯುವ ಒಂದು ಯಂತ್ರದ ಬಲದಿಂದ ಮಕ್ಕಳನ್ನು ಓದಿಸಿದ ನಿದರ್ಶನವನ್ನು ಬಲ್ಲ ಓದುಗರು ಅನೇಕರಿದ್ದಾರೆ.

ಒಂದು ಎಚ್ಚರಿಕೆ

ಇತಿಹಾಸವು ನಮಗೆ ಮಾದರಿಯನ್ನು ಕೊಡುವಂತೆಯೇ ಎಚ್ಚರಿಕೆಯನ್ನೂ ಕೊಡುತ್ತದೆ. ಆಂಧ್ರದ ಗೋದಾವರಿ ತೀರದ ನರಸಾಪುರದ ಸುತ್ತಲೂ ಹತ್ತೊಂಬತ್ತನೆಯ ಶತಮಾನದಲ್ಲಿ ಕ್ರೈಸ್ತ ಮಿಷನರಿಗಳು ಬಡ ಹೆಣ್ಣುಮಕ್ಕಳಿಗೆ ಲೇಸು ಹೆಣೆಯಲು ಕಲಿಸಿದರು. ಉದ್ದೇಶ ಒಳ್ಳೆಯದೇ ಆಗಿತ್ತು. ಆದರೆ ಮುಂದೆ ಆ ಲೇಸು ವ್ಯಾಪಾರಿಗಳ ಕೈ ಸೇರಿ ಹೊರದೇಶಗಳಿಗೆ ಹೋಗತೊಡಗಿತು. ಮರಿಯಾ ಮೀಸ್ ಎಂಬ ವಿದುಷಿ ಅಲ್ಲಿ ಸಂಶೋಧನೆ ನಡೆಸಿ 1982ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಒಂದು ಸಂಗತಿಯನ್ನು ಬಯಲಿಗೆಳೆದರು. ದಿನದ ಬಹುಭಾಗ ಲೇಸು ಹೆಣೆಯುತ್ತಿದ್ದ ಆ ಮಹಿಳೆಯರನ್ನು ಯಾರೂ ದುಡಿಮೆಗಾರರೆಂದು ಕರೆಯುತ್ತಿರಲಿಲ್ಲ. ಅವರು ಮನೆಯಲ್ಲಿ ಬಿಡುವಿನ ವೇಳೆಯನ್ನು ಕಳೆಯುವ ಗೃಹಿಣಿಯರೆಂದೇ ಎಣಿಸಲಾಗುತ್ತಿತ್ತು. ಬಿಡುವಿನ ಕೆಲಸವೆಂದ ಮೇಲೆ ಕೂಲಿಯೂ ಬಿಡುವಿನ ಕೂಲಿಯೇ! ಲಾಭ ವ್ಯಾಪಾರಿಗೆ, ಬೆನ್ನುನೋವು ಹೆಣೆದವಳಿಗೆ.

ಹವ್ಯಾಸವೆಂಬ ಸವಿಯಾದ ಪದ ಕೆಲವೊಮ್ಮೆ ಶ್ರಮವನ್ನು ಮರೆಮಾಚುವ ಪರದೆಯಾಗುತ್ತದೆ. ದುಡಿಯುವವನಿಗೆ ನ್ಯಾಯವಾದ ಕೂಲಿ ಸಲ್ಲಬೇಕೆಂದು ಹದಿಮೂರನೆಯ ಲಿಯೋ ಜಗದ್ಗುರುಗಳು 1891ರಲ್ಲಿಯೇ ತಮ್ಮ ವಿಶ್ವಪತ್ರದಲ್ಲಿ ಸಾರಿದ್ದಾರೆ. ಆ ಬೋಧನೆ ಕಾರ್ಖಾನೆಯ ಬಾಗಿಲಲ್ಲಿ ನಿಲ್ಲದೆ ನಮ್ಮ ಸಭಾಭವನದ ಹೊಲಿಗೆ ಕೋಣೆಯನ್ನೂ ಪ್ರವೇಶಿಸಬೇಕು. ಆದುದರಿಂದ ತರಗತಿ ನಡೆಸುವವರು ಮೊಟ್ಟಮೊದಲು ತಮ್ಮನ್ನು ತಾವು ಕೇಳಿಕೊಳ್ಳಬೇಕಾದ ಪ್ರಶ್ನೆ ಇದು: ನಮ್ಮ ತರಗತಿ ಸಂತೋಷಕ್ಕಾಗಿಯೇ, ಸೇವೆಗಾಗಿಯೇ, ಜೀವನೋಪಾಯಕ್ಕಾಗಿಯೇ? ಮೂರೂ ಒಳ್ಳೆಯವೇ, ಮೂರಕ್ಕೂ ಸ್ಥಳವುಂಟು. ಆದರೆ ಒಂದನ್ನು ಮತ್ತೊಂದರ ಹೆಸರಿನಲ್ಲಿ ನಡೆಸಬಾರದು. ಸೇವೆಗೆಂದು ಹೊಲಿದ ವಸ್ತುವನ್ನು ಮಾರಿದರೆ ಹಣ ಎಲ್ಲಿಗೆ ಹೋಯಿತೆಂಬುದು ಎಲ್ಲರಿಗೂ ತಿಳಿದಿರಬೇಕು. ಮಾರಾಟಕ್ಕೆಂದು ಹೊಲಿಸಿದರೆ ಬಟ್ಟೆ ಮತ್ತು ದಾರದ ಬೆಲೆಯಂತೆಯೇ ಹೊಲಿದವಳ ಗಂಟೆಗಳನ್ನೂ ಲೆಕ್ಕದ ಪುಸ್ತಕದಲ್ಲಿ ಬರೆಯಬೇಕು.

ತರಗತಿಯ ವ್ಯವಸ್ಥೆ

ಇನ್ನು ವ್ಯವಸ್ಥೆಯ ಮಾತು. ಮೊರ್ನೇಸೆಯಿಂದ ನಾವು ಕಲಿಯಬಹುದಾದ ಮೊದಲ ಪಾಠವೆಂದರೆ ಬಲ್ಲವರಿಂದ ಕಲಿಯುವುದು. ನಮ್ಮ ಪೇಟೆಯ ದರ್ಜಿಯಾಗಲಿ, ಮನೆಯಲ್ಲಿಯೇ ರವಿಕೆ ಹೊಲಿದು ಜೀವಿಸುತ್ತಿರುವ ಸಹೋದರಿಯಾಗಲಿ ಬಂದು ಕಲಿಸುವುದಾದರೆ ಅವರಿಗೆ ಗೌರವಧನ ಸಲ್ಲಿಸಬೇಕು. ಪುಣ್ಯದ ಕೆಲಸವೆಂದು ಹೇಳಿ ಬಡವರ ಹೊತ್ತನ್ನು ಬಿಟ್ಟಿಯಾಗಿ ಪಡೆಯುವುದು ಪುಣ್ಯವಲ್ಲ.

ಎರಡನೆಯದಾಗಿ, ಚಿಕ್ಕದಾಗಿ ಆರಂಭಿಸುವುದು. ಒಬ್ಬ ಶಿಕ್ಷಕಿಗೆ ಎಂಟು ಹತ್ತು ಮಂದಿಗಿಂತ ಹೆಚ್ಚಾದರೆ, ಹಿಂದೆ ಕುಳಿತವಳ ಕೈಯನ್ನು ನೋಡುವವರಿಲ್ಲದೆ ಆಕೆ ಮೂರನೆಯ ವಾರಕ್ಕೆ ಬರುವುದನ್ನು ನಿಲ್ಲಿಸುತ್ತಾಳೆ. ಯಂತ್ರಗಳಿಗಾಗಿ ಕಾಯಬೇಕಾಗಿಲ್ಲ. ಮೇಲೊಂದು ಬಟ್ಟೆ ಹೊದ್ದು ಮೇಜಿನಂತೆ ಮೂಲೆಯಲ್ಲಿ ಸುಮ್ಮನೆ ನಿಂತಿರುವ ಯಂತ್ರಗಳು ನಮ್ಮ ಎಷ್ಟೋ ಮನೆಗಳಲ್ಲಿವೆ. ಎಣ್ಣೆ ಹಾಕಿ, ಪಟ್ಟಿ ಬದಲಿಸಿದರೆ ಅವು ಮತ್ತೆ ಓಡುತ್ತವೆ. ಎಣ್ಣೆ ಹಾಕಿದ ಮೇಲೆ ಮೊದಲು ಹಳೆಯ ಚಿಂದಿಯ ಮೇಲೆ ನಾಲ್ಕು ಸಾಲು ಹೊಲಿಯಬೇಕು, ಇಲ್ಲವಾದರೆ ಹೊಸ ಬಟ್ಟೆಗೆ ಕಲೆ ತಪ್ಪದು. ಸಾಧಾರಣ ಹತ್ತಿ ಬಟ್ಟೆಗೆ 14ನೇ ಸಂಖ್ಯೆಯ ಸೂಜಿ, ತೆಳು ಬಟ್ಟೆಗೆ 11, ದಪ್ಪ ಬಟ್ಟೆಗೆ 16 ಎಂಬುದನ್ನು ಗೋಡೆಯ ಮೇಲೆ ಬರೆದು ತೂಗುಹಾಕಿದರೆ ಎಷ್ಟೋ ಸೂಜಿಗಳು ಮುರಿಯುವುದು ತಪ್ಪುತ್ತದೆ.

ಮೂರನೆಯದಾಗಿ, ಪಾಠಗಳ ಕ್ರಮ. ರವಿಕೆಯಿಂದ ಆರಂಭಿಸಬೇಕೆಂಬ ಆತುರ ಎಲ್ಲರಿಗೂ ಇರುತ್ತದೆ. ಆದರೆ ಎದೆಯ ಅಳತೆ, ಟಕ್ಕು, ತೋಳಿನ ತಿರುವು ಎಲ್ಲವೂ ಕೂಡಿರುವ ರವಿಕೆ ಕಲಿಯುವವರಿಗೆ ಕಡೆಯ ಪಾಠವಾಗಬೇಕು. ಮೊದಲ ದಿನ ದಾರ ಪೋಣಿಸುವುದು, ಸಾಲು ಹೊಲಿಗೆ ಹಾಕುವುದು, ಗುಂಡಿ ಹಚ್ಚುವುದು, ಅಂಚು ಮಡಿಚುವುದು. ಬಳಿಕ ಯಂತ್ರದ ಮುಂದೆ ಕುಳಿತು, ದಾರವಿಲ್ಲದ ಸೂಜಿಯಿಂದ ಗೆರೆ ಎಳೆದ ಕಾಗದದ ಮೇಲೆ ಓಡಿಸುವುದು. ಗೆರೆಯ ಮೇಲೆ ತೂತುಗಳು ನೇರವಾಗಿ ಬಿದ್ದ ದಿನ ಕಾಲು ಮತ್ತು ಕೈ ಒಂದಾದವೆಂದು ತಿಳಿಯಬಹುದು. ಆಮೇಲೆ ನೇರ ಹೊಲಿಗೆಯಷ್ಟೇ ಬೇಕಾಗುವ ಕೈಚೀಲ, ದಿಂಬಿನ ಚೀಲ, ಅನಂತರ ಮಗುವಿನ ಜಬಲ, ಆಮೇಲೆ ಲಂಗ. ಹತ್ತಿ ಬಟ್ಟೆಯನ್ನು ಮೊದಲೇ ನೀರಿನಲ್ಲಿ ನೆನೆಸಿ ಒಣಗಿಸದಿದ್ದರೆ ಹೊಲಿದ ಮೇಲೆ ಕುಗ್ಗುತ್ತದೆ. ಒಂದು ಎಳೆಯನ್ನು ಎಳೆದು ತೆಗೆದು ಆ ಜಾಡಿನಲ್ಲಿ ಕತ್ತರಿಸಿದರೆ ಬಟ್ಟೆ ಓರೆಯಾಗದು. ಹಳೆಯ ವೃತ್ತಪತ್ರಿಕೆಯ ಮೇಲೆ ನಕಾಸೆ ಬರೆದು ಕತ್ತರಿಸಿ ನೋಡಿದ ಮೇಲೆಯೇ ಬಟ್ಟೆಗೆ ಕತ್ತರಿ ಇಡಬೇಕು. ಕಾಗದಕ್ಕೂ ಬಟ್ಟೆಗೂ ಬೇರೆ ಬೇರೆ ಕತ್ತರಿಗಳಿರಬೇಕು. ಇಂತಹ ಚಿಕ್ಕ ಸಂಗತಿಗಳನ್ನು ಹೇಳಿಕೊಡದಿರುವುದರಿಂದಲೇ ಹೊಸಬರು ತಮಗೆ ಕೈ ಬಾರದೆಂದು ನಿರಾಶರಾಗುತ್ತಾರೆ.

ಕೈಕೆಲಸದಲ್ಲಿ ಆಸಕ್ತಿಯುಳ್ಳವರಿಗೆ ಕಸೂತಿ, ಕ್ರೋಷ, ಸೀರೆಯ ಸೆರಗಿಗೆ ಕುಚ್ಚು ಕಟ್ಟುವುದು, ಚಿಂದಿಯಿಂದ ಕೌದಿ ಹೊಲಿಯುವುದು ಇವನ್ನು ಕಲಿಸಬಹುದು. ಕುಚ್ಚು ಕಟ್ಟಲು ಬಂಡವಾಳ ಕಡಿಮೆ, ಬೇಡಿಕೆ ಹೆಚ್ಚು. ಕೌದಿಗಂತೂ ಮನೆಯ ಹಳೆಯ ಸೀರೆ ಪಂಚೆಗಳೇ ಬಂಡವಾಳ.

ನಾಲ್ಕನೆಯದಾಗಿ, ಪ್ರತಿಯೊಬ್ಬರೂ ಮುಗಿಸಿದ ಒಂದು ವಸ್ತುವಿನೊಡನೆ ಮನೆಗೆ ಹೋಗುವಂತೆ ನೋಡಿಕೊಳ್ಳುವುದು. ಇದಕ್ಕೆ ದೇವಾಲಯವೇ ಒಂದು ಸುಂದರ ಅವಕಾಶವನ್ನು ಒದಗಿಸುತ್ತದೆ. ಬಲಿಪೂಜೆಯಲ್ಲಿ ಪಾನಪಾತ್ರೆಯನ್ನು ಒರೆಸಲು ಬಳಸುವ ಬಿಳಿಯ ವಸ್ತ್ರವು ನಾಲ್ಕು ಅಂಚುಗಳ ಒಂದು ಸರಳ ತುಂಡು. ಅದರ ಮೇಲೊಂದು ಪುಟ್ಟ ಶಿಲುಬೆ. ಕಲಿಯುವವಳ ಮೂರನೆಯ ನಾಲ್ಕನೆಯ ವಾರದ ಕೆಲಸಕ್ಕೆ ಅದು ಹೇಳಿಮಾಡಿಸಿದಂತಿದೆ. ಪವಿತ್ರ ಕಲೆಯಲ್ಲಿ ಆಡಂಬರಕ್ಕಿಂತ ಘನವಾದ ಸೌಂದರ್ಯವನ್ನೇ ಅರಸಬೇಕು, ಪೂಜಾವಸ್ತ್ರಗಳ ವಿಷಯದಲ್ಲೂ ಇದೇ ನಿಯಮವೆಂದು ಎರಡನೆಯ ವ್ಯಾಟಿಕನ್ ಮಹಾಸಭೆಯು 1963ರಲ್ಲಿ ಬೋಧಿಸಿದೆ. ಜರಿಯ ಕೆಲಸ ಬಾರದವಳ ನೇರವಾದ ಅಂಚಿಗೂ ಬಲಿಪೀಠದ ಬಳಿ ಸ್ಥಾನವುಂಟು.

ಕೊನೆಯದಾಗಿ, ಯಾರು ಬರಬಹುದೆಂಬ ಪ್ರಶ್ನೆ. ಕೂಲಿಗೆ ಹೋಗುವ ಹೆಣ್ಣುಮಗಳು ಹಗಲಿನಲ್ಲಿ ಬರಲಾರಳು. ಸಂಜೆಯ ತರಗತಿಯಿಲ್ಲದಿದ್ದರೆ ಬಿಡುವುಳ್ಳವರಿಗೆ ಮಾತ್ರ ಬಾಗಿಲು ತೆರೆದಂತಾಗುವುದು. ಕೈಗೂಸಿನ ತಾಯಿ ಬರಬೇಕಾದರೆ ಆ ಎರಡು ಗಂಟೆ ಮಗುವನ್ನು ಆಡಿಸುವವರು ಬೇಕು. ಮೊರ್ನೇಸೆಯ ಕೋಣೆ ವ್ಯಾಪಾರಿಯ ತಬ್ಬಲಿ ಮಕ್ಕಳಿಗೆ ಜಾಗ ಮಾಡಿದ್ದನ್ನು ಇಲ್ಲಿ ನೆನೆಯಬೇಕು. ಯಾವ ಮತದ ನೆರೆಯವಳು ಬಂದರೂ ಒಳಗೆ ಚಾಪೆಯಿರಬೇಕು. ಹುಡುಗರೇಕೆ ಬರಬಾರದು? ಸಂತ ಪೌಲನ ಕೈಗೆ ಸೂಜಿ ಕೀಳೆನಿಸಲಿಲ್ಲ. ಪರವೂರಿನ ಹಾಸ್ಟೆಲಿನಲ್ಲಿರುವ ಮಗನು ತನ್ನ ಅಂಗಿಯ ಗುಂಡಿಯನ್ನು ತಾನೇ ಹಚ್ಚಿಕೊಂಡರೆ ಅವನ ಗೌರವಕ್ಕೇನೂ ಕುಂದಿಲ್ಲ.

ಉಪಸಂಹಾರ

ಸಿದ್ಧ ಉಡುಪಿನ ಕಾಲದಲ್ಲಿ ಹೊಲಿಗೆಯೇಕೆ ಎಂಬ ಪ್ರಶ್ನೆಗೆ ಈಗ ಉತ್ತರ ಹೇಳಬಹುದು. ಸಿದ್ಧ ಉಡುಪು ಆಕಾಶದಿಂದ ಉದುರುವುದಿಲ್ಲ. ಅದನ್ನೂ ಯಾರೋ ಹೊಲಿದಿರುತ್ತಾರೆ. ಬೆಂಗಳೂರಿನ ಗಾರ್ಮೆಂಟ್ ಕಾರ್ಖಾನೆಗಳಲ್ಲಿ ದಿನವಿಡೀ ಯಂತ್ರದ ಮುಂದೆ ಬಾಗಿ ಕುಳಿತವರಲ್ಲಿ ಬಹುಪಾಲು ಹೆಣ್ಣುಮಕ್ಕಳೇ. ತಾನೇ ಒಂದು ಕಾಜಾ ಹೊಲಿದು ನೋಡಿದವಳಿಗೆ ಅಂಗಡಿಯ ಅಂಗಿಯ ಬೆಲೆಯ ಹಿಂದಿರುವ ಶ್ರಮ ತಿಳಿಯುತ್ತದೆ. ಹರಿದುದನ್ನು ಎಸೆಯದೆ ಉಳಿಸುವ ಬುದ್ಧಿ ಬರುತ್ತದೆ. ಕಷ್ಟ ಬಂದ ದಿನ ಕೈಯಲ್ಲೊಂದು ವಿದ್ಯೆಯಿರುತ್ತದೆ. ಕಷ್ಟವೇ ಬಾರದಿದ್ದರೆ, ಒಟ್ಟಿಗೆ ಕುಳಿತು ಕಳೆದ ಸಂಜೆಗಳ ಸಂತೋಷವೇ ಸಾಕು. ದೇಹಬಲ ಕುಂದಿದ ಒಬ್ಬ ಹಳ್ಳಿಯ ತರುಣಿ ಸೂಜಿಯಿಂದ ಏನನ್ನು ಸಾಧಿಸಿದಳೆಂಬುದನ್ನು ನಾವು ಕಂಡಿದ್ದೇವೆ.

ಹೊಸ ಶತಮಾನದ ತರಗತಿಯಲ್ಲಿ ಒಂದು ಹಾಜರಿ ಪುಸ್ತಕವಿರಲಿ. ಕಲಿಸಿದವರ, ಕಲಿತವರ, ಬಲಿಪೀಠದ ವಸ್ತ್ರವನ್ನು ಹೊಲಿದುಕೊಟ್ಟವರ ಹೆಸರುಗಳನ್ನು ದಿನಾಂಕದೊಡನೆ ಅದರಲ್ಲಿ ಬರೆದು, ಧರ್ಮಕೇಂದ್ರದ ಇತರ ದಾಖಲೆಗಳೊಂದಿಗೆ ಕಾಪಾಡಿಡೋಣ. ಇನ್ನೊಂದು ನೂರು ವರ್ಷಗಳ ಬಳಿಕ ಸ್ಮರಣ ಸಂಚಿಕೆಯನ್ನು ಸಿದ್ಧಪಡಿಸುವವರು ಗಂಟೆಯ ದಾನಿಯ ಹೆಸರನ್ನು ಹುಡುಕುವಾಗ ಆ ಪುಸ್ತಕವೂ ಅವರ ಕೈಗೆ ಸಿಗಲಿ.